ಹಳೇ ಗೇಮಿಗೆ ಹಳೇ ಟೀವಿಯ ಗೆರೆ

ಕರ್ನಾಟಕದ ಸಣ್ಣ ಊರುಗಳಿಗೆ ವಿಡಿಯೋ ಗೇಮ್ ಬಂದಿದ್ದು ನಿಂಟೆಂಡೊ ಹೆಸರು ಹೊತ್ತುಕೊಂಡಲ್ಲ. ಆ ಜಪಾನಿ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ಅಗ್ಗದ ನಕಲುಗಳು 1990ರ ದಶಕದಲ್ಲಿ ‘ಟೀವಿ ಗೇಮ್’ ಆಗಿ ಪೇಟೆಗೆ ಬಂದವು. ಜೊತೆಗೆ ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಗನ್ನು, ಲಕ್ಷಗಟ್ಟಲೆ ಗೇಮ್ ಇವೆಯೆಂದು ಮುದ್ರಿಸಿದ ಕ್ಯಾಸೆಟ್ಟು. ಜಗಳೂರು ತಾಲ್ಲೂಕಿನ ಬಿಳಿಚೋಡಿನಂಥ ಊರುಗಳಲ್ಲಿ ಆ ಕಾಲಕ್ಕೆ ಹುಡುಗರಾಗಿದ್ದವರಿಗೆ ಈಗ ನಲವತ್ತರ ಆಸುಪಾಸು. ಅದೇ ಮಾರಿಯೋ, ಅದೇ ಕಾಂಟ್ರಾ ಈಗ ಮೊಬೈಲಿನ ಎಮ್ಯುಲೇಟರಿನಲ್ಲಿ ಪುಕ್ಕಟೆ ಓಡುತ್ತವೆ. ಆದರೆ ತೆರೆದ ಕೂಡಲೇ ಕಣ್ಣಿಗೆ ಹೊಡೆಯುವುದು ಚೌಕಚೌಕವಾದ ಒರಟು ಚಿತ್ರ. ಆಗ ಹೀಗಿರಲಿಲ್ಲವಲ್ಲ ಎಂದು ಅನೇಕರಿಗೆ ಅನ್ನಿಸುತ್ತದೆ.

ಅವರ ನೆನಪು ಸುಳ್ಳಲ್ಲ. ಆ ಯಂತ್ರದ ಚಿತ್ರ ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕೆಗಳಷ್ಟೇ. ಗಾಜಿನ ಪಿಕ್ಚರ್ ಟ್ಯೂಬಿನ (ಸಿಆರ್‌ಟಿ) ಟೀವಿಯಲ್ಲಿ ಎಲೆಕ್ಟ್ರಾನ್ ಕಿರಣ ಅದನ್ನು ಗೆರೆಗೆರೆಯಾಗಿ ಬರೆಯುತ್ತಿತ್ತು. ಎರಡು ಗೆರೆಗಳ ನಡುವೆ ಸಣ್ಣ ಕಪ್ಪು ಸಂದು ಉಳಿಯುತ್ತಿತ್ತು. ಗೆರೆಯೊಳಗಿನ ಚುಕ್ಕೆಗಳಿಗೆ ಮಾತ್ರ ಅಂಚೇ ಇರುತ್ತಿರಲಿಲ್ಲ. ಒದ್ದೆ ಕಾಗದದ ಮೇಲೆ ಬಿಟ್ಟ ಬಣ್ಣದಂತೆ ಒಂದು ಪಕ್ಕದ್ದರೊಳಗೆ ಹರಡಿಕೊಳ್ಳುತ್ತಿತ್ತು.

ಗೇಮಿನ ಚಿತ್ರಕಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಸೆಗಾ ಕಂಪನಿಯ ಮೆಗಾ ಡ್ರೈವ್ ಯಂತ್ರಕ್ಕೆ ಅರೆಪಾರದರ್ಶಕ ಬಣ್ಣ ಬೆರೆಸುವ ಶಕ್ತಿ ಸರಿಯಾಗಿ ಇರಲಿಲ್ಲ. 1991ರ ‘ಸೋನಿಕ್’ನಲ್ಲಿ ಜಲಪಾತವನ್ನು ಮೇಲಿಂದ ಕೆಳಕ್ಕೆ ಒಂದು ಗೆರೆ ಬಿಟ್ಟು ಒಂದು ಗೆರೆಯಂತೆ ಬಿಡಿಸಿ, ಮಿಕ್ಕ ಕೆಲಸವನ್ನು ಹಳದಿ ಪಿನ್ನಿನ ಕೇಬಲ್ಲಿಗೂ ಟೀವಿಗೂ ಬಿಟ್ಟರು. ಅಲ್ಲಿ ಗೆರೆಗಳು ಬೆರೆತು, ಹಿಂದಿನ ಬಂಡೆ ಕಾಣುವಂಥ ನೀರಾಯಿತು. ಇವತ್ತಿನ ಎಲ್‌ಸಿಡಿ ಪರದೆಯಲ್ಲಿ ಅದೇ ಜಲಪಾತ ಕಿಟಕಿಯ ಸರಳು. 1997ರ ‘ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದ ನೈಟ್’ನ ಡ್ರಾಕುಲಾ ಮುಖದಲ್ಲಿ ಕಣ್ಣಿಗೆ ಇಟ್ಟಿದ್ದು ಒಂದೊಂದು ಕೆಂಪು ಚುಕ್ಕೆ; ಟ್ಯೂಬಿನ ಮೇಲೆ ಅದು ಹೊಳೆಯುವ ಕಣ್ಣೇ ಆಗುತ್ತಿತ್ತು. ಟೀವಿ ಆ ಚಿತ್ರದ ಅರ್ಧ ಕುಂಚವಾಗಿತ್ತು.

ಆ ಅರ್ಧವನ್ನು ಮರಳಿ ತರುವುದು ಎಮ್ಯುಲೇಟರಿನಲ್ಲಿ ಚಿತ್ರದ ಮೇಲೆ ಹಾಕುವ ಫಿಲ್ಟರಿನ ಕೆಲಸ. ಎಲ್ಲ ಫಿಲ್ಟರುಗಳೂ ಅದನ್ನು ಮಾಡುವುದಿಲ್ಲ ಎಂಬುದೇ ತೊಡಕು. ಎಚ್‌ಕ್ಯೂ2ಎಕ್ಸ್, ಎಕ್ಸ್‌ಬಿಆರ್ ಮುಂತಾದವು ಚೌಕಗಳ ಮೂಲೆ ಸವರಿ, ಚಿತ್ರವನ್ನು ತಾವೇ ತಿದ್ದಿ ಬರೆಯುತ್ತವೆ. ಮಾರಿಯೋನ ಮೀಸೆ ಹುಟ್ಟಿದ್ದೇ ಅಷ್ಟು ಕಡಿಮೆ ಚುಕ್ಕೆಗಳಲ್ಲಿ ಬಾಯಿ ಬಿಡಿಸಲಾಗದೆ. ಅಷ್ಟು ಲೆಕ್ಕ ಹಾಕಿ ಇಟ್ಟ ಚುಕ್ಕೆಗಳನ್ನು ನಯ ಮಾಡಿದರೆ ಮುಖ ಮೇಣ ಕರಗಿದ ಹಾಗಾಗುತ್ತದೆ. ಇದು ಸುಧಾರಣೆಯಲ್ಲ, ಕೆಡಿಸುವುದು.

ಸಿಆರ್‌ಟಿ ಫಿಲ್ಟರುಗಳ ದಾರಿ ಬೇರೆ. ರೆಟ್ರೋಆರ್ಚ್ ಎಂಬ ಉಚಿತ ತಂತ್ರಾಂಶದಲ್ಲಿ ಸಿಗುವ ಸಿಆರ್‌ಟಿ-ಜಿಯೋಮ್, ಸಿಆರ್‌ಟಿ-ರಾಯಲ್ ಚಿತ್ರವನ್ನು ಮುಟ್ಟದೆ ಟೀವಿಯನ್ನು ಅನುಕರಿಸುತ್ತವೆ: ಗೆರೆ, ಬಣ್ಣದ ಜಾಲರಿ, ಬೆಳಕಿನ ಹರಡುವಿಕೆ. ಸ್ವತಃ ನಿಂಟೆಂಡೊ 2016ರಲ್ಲಿ ತನ್ನ ಹಳೇ ಯಂತ್ರವನ್ನು ಪುಟ್ಟದಾಗಿ ಮರಳಿ ತಂದಾಗ ಸಿಆರ್‌ಟಿ ನೋಟವನ್ನೂ ಒಂದು ಆಯ್ಕೆಯಾಗಿ ಇಟ್ಟಿತು.

ಈ ಫಿಲ್ಟರುಗಳನ್ನು ಹಾಕಿದ ಮಾತ್ರಕ್ಕೆ ಚೆನ್ನಾಗಿ ಕಂಡುಬಿಡುತ್ತದೆ ಎಂದಲ್ಲ. ಕಪ್ಪು ಗೆರೆ ಬಂದಷ್ಟೂ ಬೆಳಕು ಕುಗ್ಗುತ್ತದೆ, ಪರದೆಯ ಬ್ರೈಟ್‌ನೆಸ್ ಏರಿಸಲೇಬೇಕು. ಲೆಕ್ಕವೂ ಕೂಡಿ ಬರಬೇಕು. 4ಕೆ ಟೀವಿಯ 2160 ಗೆರೆಗಳಲ್ಲಿ 240 ಸರಿಯಾಗಿ ಒಂಬತ್ತು ಸಲ ಹಿಡಿಸುತ್ತದೆ. 768 ಗೆರೆಗಳ ಅಗ್ಗದ ಟೀವಿಯಲ್ಲಿ 3.2 ಸಲ, ಹಾಗಾಗಿ ಒಂದು ಗೆರೆ ದಪ್ಪ, ಇನ್ನೊಂದು ಸಣ್ಣ. ಅಂಥ ಕಡೆ ಚಿತ್ರವನ್ನು ಮೂರು ಪಟ್ಟಿಗೇ ನಿಲ್ಲಿಸಿ, ಸುತ್ತ ಕಪ್ಪು ಅಂಚು ಬಿಡುವುದು ಮೇಲು. ಎಲ್ಲಕ್ಕೂ ಮೊದಲು ಚಿತ್ರದ ಅಳತೆಯನ್ನು 4:3ಕ್ಕೆ ತರಬೇಕು, ಇಲ್ಲವಾದರೆ ಅಗಲ ಪರದೆಯಲ್ಲಿ ಮಾರಿಯೋ ಊದಿಕೊಂಡಿರುತ್ತಾನೆ.

ಇನ್ನೊಂದು ತೊಡಕು ನಮ್ಮವರದೇ. ಹೆಸರುವಾಸಿ ಫಿಲ್ಟರುಗಳಲ್ಲಿ ಅನೇಕವು ಸೋನಿ ಟ್ರಿನಿಟ್ರಾನ್ ಟೀವಿಯನ್ನೋ, ಅಮೆರಿಕ-ಜಪಾನಿನ ಎನ್‌ಟಿಎಸ್‌ಸಿ ಸಿಗ್ನಲನ್ನೋ ಮಾದರಿಯಾಗಿಟ್ಟುಕೊಂಡಿವೆ. ಭಾರತದ್ದು 625 ಗೆರೆಗಳ ಪಾಲ್ ಪದ್ಧತಿ. ನಮ್ಮ ಹಳ್ಳಿಗಳಲ್ಲಿ ಆಡಿದ್ದು ಬಿಪಿಎಲ್, ಒನಿಡಾ, ವಿಡಿಯೋಕಾನ್ ಟೀವಿಗಳಲ್ಲಿ. ಎಷ್ಟೋ ಕಡೆ ಗೇಮಿನ ವೈರು ಹೋಗುತ್ತಿದ್ದುದು ಆಂಟೆನಾ ತೂತಿಗೆ. ಚಾನೆಲ್ ಟ್ಯೂನ್ ಮಾಡಿ ಚಿತ್ರ ಹಿಡಿಯಬೇಕಿತ್ತು. ಸಂಜೆ ವೋಲ್ಟೇಜ್ ಬಿದ್ದರೆ ಚಿತ್ರವೇ ಒಳಕ್ಕೆ ಕುಗ್ಗುತ್ತಿತ್ತು. ಅಂಥ ಟೀವಿಯ ನೋಟ ಬೇಕೆಂದರೆ ಪಾಲ್ ಸಿಗ್ನಲಿನ ಫಿಲ್ಟರನ್ನೇ ಹುಡುಕಿ ಹಾಕಬೇಕು, ಅವೂ ಇವೆ.

ಟೀವಿ ಗೇಮಿನ ಜೊತೆ ಬಂದ ಆ ಪ್ಲಾಸ್ಟಿಕ್ ಗನ್ನನ್ನು ಮಾತ್ರ ಯಾವ ಫಿಲ್ಟರೂ ಉಳಿಸಲಾರದು. ‘ಡಕ್ ಹಂಟ್’ನಲ್ಲಿ ಟ್ರಿಗರ್ ಒತ್ತಿದ ಕೂಡಲೇ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತಿತ್ತು, ಗನ್ನು ಆ ಬೆಳಕನ್ನು ಹುಡುಕುತ್ತಿತ್ತು. ಎಲ್‌ಸಿಡಿಯ ಬೆಳಕು ತಡವಾಗಿ ಬರುತ್ತದೆ, ಟ್ಯೂಬಿನಂತೆ ಮಿಡಿಯುವುದೂ ಇಲ್ಲ. ಹಾಗಾಗಿ ಗುರಿಯಿಟ್ಟು ಹೊಡೆಯಬೇಕೆನ್ನುವವರು ಗುಜರಿಗೆ ಹೊರಟ ಹಳೇ ಟೀವಿಯನ್ನೇ ಉಳಿಸಿಕೊಳ್ಳಬೇಕು.