ಹಂಪೆಯ ಬಂಡೆಗಳನ್ನು ಪೇರಿಸಿದವರಾರು?

ಮಾತಂಗ ಪರ್ವತದ ನೆತ್ತಿಯನ್ನೇರಿ ನಾಲ್ದೆಸೆಗೂ ಕಣ್ಣು ಹಾಯಿಸಿದವನಿಗೆ, ಆನೆಗಾತ್ರದ ಗುಂಡುಗಳು ಒಂದರ ಮೇಲೊಂದು ನಿಂತು, ಇನ್ನೇನು ಉರುಳಿಬಿಡುವುವೋ ಎಂಬಂತೆ ತೋರಿಯೂ ಉರುಳದಿರುವುದನ್ನು ಕಂಡು, ಇವನ್ನು ಯಾರೋ ತಂದು ಪೇರಿಸಿರಬೇಕೆಂಬ ಭಾವನೆ ಹುಟ್ಟುವುದು ಸಹಜವೇ ಸರಿ. ವಾಲಿಸುಗ್ರೀವರ ಕಾಳಗದಲ್ಲಿ ಕಪಿಗಳು ಎಸೆದಾಡಿದ ಕಲ್ಲುಗಳಿವೆಂಬ ಕಥೆಯೊಡನೆ ನಮಗೆ ಜಗಳವಿಲ್ಲ. ಅದು ಕಾವ್ಯದ ಮಾತು. ವಿಚಾರಿಸಬೇಕಾದುವು ಶಾಸ್ತ್ರದ ವೇಷ ತೊಟ್ಟು ಓದುಬರಹ ಬಲ್ಲವರ ಬಾಯಲ್ಲಿಯೂ ಸಂಚರಿಸುವ ಕಲ್ಪನೆಗಳು: ಜ್ವಾಲಾಮುಖಿ ಉಗುಳಿತು, ಭೂಕಂಪ ಒಡೆದು ಚೆಲ್ಲಿತು, ತುಂಗಭದ್ರೆ ಉರುಳಿಸಿ ದುಂಡಗಾಗಿಸಿತು ಎಂಬಿವು.

ಜ್ವಾಲಾಮುಖಿಯ ಮಾತನ್ನು ಬೇಗ ಮುಗಿಸಬಹುದು. ಈ ಶಿಲೆ ಗ್ರಾನೈಟು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿಯೇ ಮೆಲ್ಲನೆ ತಣಿದು ಘನೀಭವಿಸಿದುದಕ್ಕೆ ಬರಿಗಣ್ಣಿಗೆ ಕಾಣುವ ಅದರ ಹರಳುಗಳೇ ಸಾಕ್ಷಿ. ಭೂಕಂಪದಿಂದ ಒಡೆದ ಕಲ್ಲಿಗೆ ಚೂಪಾದ ಅಂಚುಗಳಿರಬೇಕಿತ್ತು. ನದಿಯು ತನ್ನ ಪಾತ್ರದ ಶಿಲೆಯನ್ನು ನಯಗೊಳಿಸಿ ಕುಳಿಗಳನ್ನು ಕೊರೆದಿರುವುದು ನಿಜವಾದರೂ, ಬೆಟ್ಟದ ತುದಿಗೆ ಬಂಡೆಯನ್ನು ಹೊತ್ತೊಯ್ಯುವ ಬಲ ಯಾವ ಪ್ರವಾಹಕ್ಕೂ ಇಲ್ಲ.

ಹಾಗಾದರೆ ನಡೆದುದೇನು? ತಣಿಯುವಾಗಲೂ, ಮೇಲಿನ ಭಾರ ಸವೆದು ಹಗುರಾಗುವಾಗಲೂ ಶಿಲಾರಾಶಿಯಲ್ಲಿ ಅಡ್ಡಡ್ಡಲಾಗಿ, ಉದ್ದುದ್ದವಾಗಿ ಬಿರುಕುಗಳು ಮೂಡಿದುವು. ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾದ ಮಳೆಯ ನೀರು ಆ ಬಿರುಕುಗಳಲ್ಲಿ ಇಳಿದು, ಗ್ರಾನೈಟಿನ ಫೆಲ್ಸ್‌ಪಾರನ್ನು ಜೇಡಿಯಾಗಿ ಮಾರ್ಪಡಿಸಿತು; ಕರಗದ ಬೆಣಚು ಮರಳಾಗಿ ಉದುರಿತು. ಚೌಕನಾದ ಶಿಲಾಖಂಡದ ಮುಖವನ್ನು ನೀರು ಒಂದೇ ಕಡೆಯಿಂದಲೂ, ಅಂಚನ್ನು ಎರಡು ಕಡೆಯಿಂದಲೂ, ಮೂಲೆಯನ್ನು ಮೂರು ಕಡೆಯಿಂದಲೂ ಮುತ್ತುವುದರಿಂದ ಮೂಲೆಗಳೇ ಮೊದಲು ನಶಿಸಿ, ಗರಸಿನ ನಡುವೆ ದುಂಡಾದ ತಿರುಳು ಉಳಿಯಿತು. ಅನಂತರದ ಮಳೆಗಳು, ತೊರೆಗಳು ಆ ಗರಸನ್ನು ಕೊಚ್ಚಿಕೊಂಡು ಹೋಗಲಾಗಿ, ತಿರುಳುಗಲ್ಲುಗಳು ತಾವು ಮೊದಲಿದ್ದ ಕ್ರಮದಲ್ಲಿಯೇ ಒಂದರ ಮೇಲೊಂದು ಕುಳಿತುವು. ಆಧಾರ ಸವೆದು ಜಾರಿ ಬಿದ್ದುವೂ ಕೆಲವುಂಟು. ಒಟ್ಟಿನಲ್ಲಿ ಇಲ್ಲಿ ಯಾರೂ ಏನನ್ನೂ ತಂದಿಟ್ಟಿಲ್ಲ, ಒಯ್ದದ್ದೇ ಎಲ್ಲ. ನಂಬಿಕೆ ಬಾರದವರು ಗ್ರಾನೈಟಿನ ಸೀಮೆಯಲ್ಲಿ ರಸ್ತೆಗಾಗಿ ದಿಣ್ಣೆ ಕಡಿದ ಕಡೆ ನಿಂತು ನೋಡಬಹುದು: ಇನ್ನೂ ಹೊರಬೀಳದ ಗುಂಡುಗಳು, ಈರುಳ್ಳಿಯಂತೆ ಪದರು ಪದರಾಗಿ ಸುಲಿಯುತ್ತ, ಗರಸಿನೊಳಗೆ ಹುದುಗಿರುವುದು ಕಾಣುತ್ತದೆ.

ಬಳ್ಳಾರಿ ಸೀಮೆಯ ಬಿಸಿಲನ್ನು ಉಂಡವರು ಬಿಸಿಲೇ ಬಂಡೆಯನ್ನು ಒಡೆಯುತ್ತದೆ ಎನ್ನುವುದುಂಟು. 1936ರಲ್ಲಿ ಗ್ರಿಗ್ಸ್ ಎಂಬ ಅಮೆರಿಕದ ವಿಜ್ಞಾನಿ, 244 ವರ್ಷಗಳ ಹಗಲಿರುಳಿಗೆ ಸಮನಾಗುವಷ್ಟು ಸಲ ಗ್ರಾನೈಟನ್ನು ಕಾಯಿಸಿ ಆರಿಸಿದಾಗ, ಒಣಗಾಳಿಯಲ್ಲಿ ಅದಕ್ಕೆ ಏನೂ ಆಗಲಿಲ್ಲ. ನೀರು ಸೋಕಿದ ಮೇಲೆಯೇ ಹಾನಿ ಕಂಡಿತು. ಬಿಸಿಲಿಗೆ ಪಾತ್ರವೇ ಇಲ್ಲವೆಂದಲ್ಲ, ಇಂದಿನವರು ಅದಕ್ಕೂ ಒಂದು ಪಾಲು ಕೊಡುತ್ತಾರೆ. ಆದರೆ ದೊಡ್ಡ ಪಾಲು ನೀರಿನದೇ.

ಇನ್ನು, ಹೊಲದಲ್ಲಿ ಕಲ್ಲು ವರ್ಷವರ್ಷವೂ ಬೆಳೆಯುತ್ತದೆಂದು ರೈತರು ಹೇಳುವ ಮಾತು. ಅವರು ಕಂಡದ್ದು ಸುಳ್ಳಲ್ಲ, ಕಾರಣ ಮಾತ್ರ ಬೇರೆ. ಕಲ್ಲು ಇದ್ದಲ್ಲಿಯೇ ಇದೆ, ಸುತ್ತಲ ಮಣ್ಣು ಮುಂಗಾರಿನ ಪ್ರತಿ ಹೊಡೆತಕ್ಕೂ ತಗ್ಗುತ್ತಿದೆ. ಬದು ಹಾಕದ ಇಳಿಜಾರಿನ ಹೊಲದಲ್ಲಿ ಈ ಬೆಳೆ ಬಲು ಹುಲುಸು.