ಗಣೆಯ ಉಸಿರು, ಯಂತ್ರದ ಕಿವಿ

ಹಿರಿಯೂರು, ಚಳ್ಳಕೆರೆ ಸೀಮೆಯ ಕಾಡುಗೊಲ್ಲರು ತಮ್ಮ ವೀರ ಜುಂಜಪ್ಪನ ಕಥೆಯನ್ನು ಗಣೆಯೆಂಬ ಉದ್ದನೆಯ ಬಿದಿರುಕೊಳಲಿನೊಡನೆ ಹಾಡುತ್ತಾರೆ. ಈ ವಾದ್ಯದಲ್ಲಿ ಸ್ವರದಷ್ಟೇ ಮುಖ್ಯವಾದುದು ಊದುವವನ ಉಸಿರಿನ ಸುಯಿಲು. ಅಂಥದೊಂದು ಹಾಡನ್ನು 1986ರಲ್ಲಿ ಹಿರಿಯೂರಿನ ಬಳಿಯ ಹಟ್ಟಿಯೊಂದರಲ್ಲಿ ಕ್ಯಾಸೆಟ್ಟಿಗೆ ಹಿಡಿದಿದ್ದೆ. ಅನಂತರ ಅಂಗಡಿಯೊಂದರಲ್ಲಿ ಅದನ್ನು ಎಂಪಿ-3 ಆಗಿ ಮಾಡಿಸಿ, ಇನ್ನೇಕೆಂದು ಕ್ಯಾಸೆಟ್ಟನ್ನು ಎಸೆದೆ. ಮನೆಯಲ್ಲಿ ಕೇಳಿದಾಗ ಕಥೆಯಿತ್ತು, ರಾಗವಿತ್ತು; ಉಸಿರು ಮಾತ್ರ ನೀರಿನೊಳಗಿಂದ ಬಂದಂತೆ ಗುಳುಗುಳಿಸುತ್ತಿತ್ತು. ಹಾಡಿದ ಅಜ್ಜ ಆ ವೇಳೆಗೆ ತೀರಿಕೊಂಡಿದ್ದರು.

ಹೀಗಾಗುವುದೇಕೆ? ಸಿ.ಡಿ.ಯ ಮಟ್ಟದಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಬರೆಯುತ್ತಾರೆ. ಒಂದು ಗಂಟೆಗೆ ಸುಮಾರು 635 ಎಂ.ಬಿ. ಜಾಗ ಬೇಕು. ಇದನ್ನು ಕುಗ್ಗಿಸಲು ಎರಡು ದಾರಿಗಳಿವೆ. ಭಜನೆಯ ಪುಸ್ತಕ ಬರೆಯುವವರು ಪಲ್ಲವಿಯನ್ನು ಒಮ್ಮೆ ಪೂರ್ತಿ ಬರೆದು, ಮರಳಿ ಬಂದಲ್ಲಿ 'ಪ' ಎಂದಷ್ಟೇ ಗುರುತಿಸುತ್ತಾರಲ್ಲವೆ? ಹಾಡುವಾಗ ಒಂದಕ್ಷರವೂ ತಪ್ಪುವುದಿಲ್ಲ. 2001ರಲ್ಲಿ ಬಂದ ಫ್ಲ್ಯಾಕ್ ಎಂಬ ರೂಪದ ಮರ್ಮ ಹೆಚ್ಚುಕಡಿಮೆ ಇಂಥದೇ. ಗಾತ್ರ ಸಾಮಾನ್ಯವಾಗಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಬಿಚ್ಚಿದಾಗ ಮೂಲವು ಯಥಾವತ್ತಾಗಿ ದೊರೆಯುತ್ತದೆ.

ಎರಡನೆಯದು ಬಿಟ್ಟುಕೊಡುವ ದಾರಿ. ಉರುಮೆ ಬಡಿಯುತ್ತಿರುವಾಗ ಪಕ್ಕದವರ ಪಿಸುಮಾತು ನಮಗೆ ಕೇಳಿಸದು. ಕೇಳಿಸದುದನ್ನು ಬರೆದಿಡುವುದೇಕೆ ಎಂಬ ತರ್ಕದಿಂದ ಹುಟ್ಟಿದ್ದು ಎಂಪಿ-3. ಅದನ್ನು ರೂಪಿಸುವುದರಲ್ಲಿ ಜರ್ಮನಿಯ ಎರ್ಲಾಂಗನ್ನಿನ ಫ್ರಾನ್‌ಹೋಫರ್ ಸಂಸ್ಥೆಯ ತಂತ್ರಜ್ಞರ ಪಾಲು ದೊಡ್ಡದು. ಸೆಕೆಂಡಿಗೆ 128 ಕಿಲೋಬಿಟ್ಟಿನ ಲೆಕ್ಕದಲ್ಲಿ ಒಂದು ಗಂಟೆಯ ಹಾಡು 58 ಎಂ.ಬಿ.ಗೆ ಇಳಿಯುತ್ತದೆ, ಹಾಡು ಕೇಳುವುದಕ್ಕೆ ಬಹುಮಟ್ಟಿಗೆ ಅದು ಸಾಕು. ಲೆಕ್ಕವನ್ನು 64ಕ್ಕೋ 32ಕ್ಕೋ ಬಿಗಿದಾಗ ಯಂತ್ರವು ಕೇಳಿಸುವುದನ್ನೂ ಕತ್ತರಿಸತೊಡಗುತ್ತದೆ. ಉಸಿರು, ಗಾಳಿ, ಚಪ್ಪಾಳೆ—ನಿಯತವಾದ ಸ್ವರವಿಲ್ಲದ ಇಂಥ ಸದ್ದುಗಳೇ ಮೊದಲ ಬಲಿ. 1997ರ ಎಎಸಿ, 2012ರ ಓಪಸ್ ಇದೇ ವಂಶದ ಜಾಣ ಮಕ್ಕಳು. ಕಡಿಮೆ ಜಾಗದಲ್ಲಿ ಮಾತನ್ನು ಸ್ಪಷ್ಟವಾಗಿ ಉಳಿಸುವುದರಲ್ಲಿ ಓಪಸ್ಸಿನದು ಎತ್ತಿದ ಕೈ. ವಾಟ್ಸ್ಆ್ಯಪ್ಪಿನ ಧ್ವನಿಸಂದೇಶಗಳು ಬರುವುದು ಅದರಲ್ಲಿಯೇ.

ಹಂಚುವುದಕ್ಕೆ ಇವು ಇರಲಿ. ಕಾಪಿಡುವುದಕ್ಕೆ ಫ್ಲ್ಯಾಕ್ ಇರಲಿ, ಇಲ್ಲವೆ ಕುಗ್ಗಿಸದ ವೇವ್ ಇರಲಿ. ಗ್ರಂಥಸಂಪಾದನೆ ಕಲಿತವರಿಗೆ ಹೇಳಬೇಕಾಗಿಲ್ಲ: ಪ್ರತಿಯ ಪ್ರತಿಯಲ್ಲಿ ತಪ್ಪುಗಳು ಬೆಳೆಯುತ್ತವೆ. ಎಂಪಿ-3ಯಿಂದ ಮತ್ತೊಂದು ಎಂಪಿ-3 ಮಾಡಿದಾಗಲೂ ಹಾಗೆಯೇ ನಷ್ಟದ ಮೇಲೆ ನಷ್ಟ. ಎಂಪಿ-3ಯನ್ನು ಫ್ಲ್ಯಾಕ್‌ಗೆ ತಿರುಗಿಸಿ ಮೂಲ ಸಿಕ್ಕಿತೆಂದು ಹಿಗ್ಗುವವರನ್ನೂ ಕಂಡಿದ್ದೇನೆ. ಸಂಗ್ರಹ ಭಾರತವನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿದರೆ ಬಿಟ್ಟ ಪದ್ಯಗಳು ಬಂದಾವೆ?

ಹಟ್ಟಿಗೆ ಹೊರಡುವ ಮುನ್ನವೇ ಮೊಬೈಲಿನ ಧ್ವನಿಮುದ್ರಣದ ಆಯ್ಕೆಗಳಲ್ಲಿ ವೇವ್ ಇದೆಯೇ ನೋಡಿಕೊಳ್ಳಿ. ಹಳೆಯ ಕ್ಯಾಸೆಟ್ಟುಗಳಿದ್ದರೆ ಮೊದಲು ಫ್ಲ್ಯಾಕ್‌ನಲ್ಲಿಯೇ ಇಳಿಸಿ, ಎರಡು ಪ್ರತಿ ಮಾಡಿ ಬೇರೆ ಬೇರೆ ಮನೆಗಳಲ್ಲಿಡಿ. ಅದಾದ ಮೇಲೂ ಕ್ಯಾಸೆಟ್ಟನ್ನು ಮಾತ್ರ ಎಸೆಯಬೇಡಿ.