ನಿಮಗಿದು ಗೊತ್ತೇ? ರೈಫಲ್ ಸ್ಕೋಪಿಗೂ ಕಾಯ್ದೆಯಿದೆ

ಅಮೆರಿಕದ ಕೇಂದ್ರ ಕಾನೂನಿನ ಲೆಕ್ಕದಲ್ಲಿ ರೈಫಲ್ ಸ್ಕೋಪ್ ಬಂದೂಕೇ ಅಲ್ಲ. 1968ರ ಬಂದೂಕು ನಿಯಂತ್ರಣ ಕಾಯ್ದೆಯಡಿ ಬಂದೂಕಿಗೆ ನಡೆಯುವ ಹಿನ್ನೆಲೆ ತಪಾಸಣೆ ಸ್ಕೋಪಿಗಿಲ್ಲ. ಅಂಚೆಯಲ್ಲಿ ನೇರವಾಗಿ ಮನೆಗೇ ತರಿಸಿಕೊಳ್ಳಬಹುದು.

ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ತಾನೇ ಇನ್‌ಫ್ರಾರೆಡ್ ಬೆಳಕು ಚೆಲ್ಲಿ ಕತ್ತಲಲ್ಲಿ ಗುರಿ ತೋರಿಸುವ, ಬಂದೂಕಿಗೆ ಜೋಡಿಸಬಹುದಾದ ಸ್ಕೋಪ್ ತಿಳಿದೂ ಬಳಿ ಇಟ್ಟುಕೊಂಡರೆ ಅಲ್ಲಿನ ದಂಡಸಂಹಿತೆಯ 468ನೇ ಕಲಂ ಪ್ರಕಾರ ಅಪರಾಧ. 1,000 ಡಾಲರ್‌ವರೆಗೆ ದಂಡ, ಇಲ್ಲವೇ ಒಂದು ವರ್ಷದವರೆಗೆ ಜೈಲು, ಎರಡೂ ಆಗಬಹುದು.

ಅಮೆರಿಕದ ವಿಮಾನಗಳಲ್ಲಿ ಬಿಡಿ ಸ್ಕೋಪನ್ನು ಕೈಚೀಲದಲ್ಲೇ ಒಯ್ಯಬಹುದು. ಅದೇ ಸ್ಕೋಪ್ ರೈಫಲಿನ ಮೇಲೆ ಕೂತಿದ್ದರೆ ಕಥೆ ಬೇರೆ: ಗುಂಡು ತೆಗೆದಿರಬೇಕು, ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಬೇಕು, ಕೌಂಟರಿನಲ್ಲಿ ಹೇಳಿ ಲಗೇಜಿಗೆ ಕೊಡಬೇಕು. ಬೀಗದ ಕೈ ಪ್ರಯಾಣಿಕನ ಬಳಿಯೇ ಇರಬೇಕು.

ಇದನ್ನು ಅಮೆರಿಕದಲ್ಲಿರುವ ನಮ್ಮವರು ಗಮನವಿಟ್ಟು ಓದಬೇಕು. ಊರಲ್ಲಿರುವ ಭಾವನಿಗೋ ಗೆಳೆಯನಿಗೋ ಉಡುಗೊರೆಯೆಂದು ಸೂಟ್‌ಕೇಸಿನಲ್ಲಿ ಒಂದು ಸ್ಕೋಪ್ ಹಾಕಿಕೊಂಡು ಹೊರಟರೂ ಕಾನೂನು ಅದನ್ನು ‘ರಫ್ತು’ ಎನ್ನುತ್ತದೆ. ಬಂದೂಕಿನ ಸ್ಕೋಪುಗಳು ಅಲ್ಲಿನ ವಾಣಿಜ್ಯ ಇಲಾಖೆಯ ರಫ್ತು ನಿಯಂತ್ರಣ ಪಟ್ಟಿಯಲ್ಲಿ 0ಎ504 ಎಂಬ ಸಂಖ್ಯೆಯಡಿ ಇವೆ. ಅಂಗಡಿಯಾತ ಏನೂ ಕೇಳದೆ ಬಿಲ್ ಹರಿದುಕೊಟ್ಟ ಮಾತ್ರಕ್ಕೆ ಗಡಿ ದಾಟಿಸಲು ಒಪ್ಪಿಗೆ ಸಿಕ್ಕಂತಲ್ಲ. ಪರವಾನಗಿ ಬೇಕೇ ಎಂದು ಮೊದಲೇ ವಿಚಾರಿಸಿ. ಇಳಿಯುವ ದೇಶದ ಕಸ್ಟಮ್ಸ್ ನಿಯಮ ಬೇರೆಯೇ ಇರುತ್ತದೆ, ಅದನ್ನೂ ಕೇಳಿಕೊಳ್ಳಿ. ಗೊತ್ತಿಲ್ಲದೆ ಸಿಕ್ಕಿಬೀಳುವವರನ್ನು ನೆನೆದರೆ ಸಂಕಟವಾಗುತ್ತದೆ.

ದೊಡ್ಡ ಕಂಪನಿಗಳಿಗೂ ವಿನಾಯಿತಿಯಿಲ್ಲ. ರಾತ್ರಿ ನೋಟದ ಉಪಕರಣಗಳ ರಹಸ್ಯ ತಂತ್ರಜ್ಞಾನದ ಮಾಹಿತಿಯನ್ನು ಅನುಮತಿಯಿಲ್ಲದೆ ಚೀನಾ, ಸಿಂಗಪುರ, ಬ್ರಿಟನ್ನಿಗೆ ಕಳಿಸಿದ ಪ್ರಕರಣದಲ್ಲಿ ಅಮೆರಿಕದ ಐಟಿಟಿ ಕಂಪನಿ 2007ರಲ್ಲಿ ತಪ್ಪೊಪ್ಪಿಕೊಂಡು, 10 ಕೋಟಿ ಡಾಲರ್ ದಂಡಕ್ಕೆ ತಲೆಬಾಗಿತು.

ಜರ್ಮನಿಯಲ್ಲಿ ಬಂದೂಕಿಗೆ ಜೋಡಿಸುವ ರಾತ್ರಿ ನೋಟದ ಉಪಕರಣಗಳಿಗೆ ನಿಷೇಧವಿತ್ತು. ಕಾಡುಹಂದಿಗಳ ಹಾವಳಿ, ಆಫ್ರಿಕನ್ ಹಂದಿಜ್ವರದ ಭೀತಿ ಹೆಚ್ಚಿದಾಗ 2020ರಲ್ಲಿ ಬೇಟೆ ಪರವಾನಗಿ ಇದ್ದವರಿಗೆ ದಾರಿ ತೆರೆಯಿತು. ಕೊಂಡರೂ ಬೇಟೆಗೆ ಬಳಸಬಹುದೇ ಎಂಬುದಕ್ಕೆ ಆಯಾ ರಾಜ್ಯದ ಬೇಟೆ ಕಾನೂನನ್ನೇ ನೋಡಬೇಕು.

ಕೆಲವು ಸ್ಕೋಪುಗಳೊಳಗೆ ವಿಕಿರಣಶೀಲ ಟ್ರಿಟಿಯಂ ಇರುತ್ತದೆ. ಬ್ಯಾಟರಿಯಿಲ್ಲದೆ ಗುರಿಗೆರೆ ಬೆಳಗುವುದು ಅದರಿಂದಲೇ. ಅದರ ಅರ್ಧಾಯುಷ್ಯ 12.3 ವರ್ಷ, ಹಾಗಾಗಿ ಕಾಲ ಕಳೆದಂತೆ ಬೆಳಕು ಮಂಕಾಗುತ್ತದೆ. ಹಳೆಯ ಸ್ಕೋಪ್ ಅಗ್ಗಕ್ಕೆ ಸಿಕ್ಕರೆ ತಯಾರಾದ ವರ್ಷ ನೋಡಿ ಕೊಳ್ಳಿ.

ಕ್ರೀಡೆಯಲ್ಲೂ ಸ್ಕೋಪಿಗೆ ನಿಯಮವಿದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಸ್ಕೋಪಿಲ್ಲದೆ. ಆ ಸ್ಪರ್ಧೆಯಲ್ಲಿ ದೂರದರ್ಶಕಕ್ಕೆ ಅವಕಾಶವಿಲ್ಲ. ಸಣ್ಣ ರಂಧ್ರದ ಮೂಲಕ ನೋಡಿಯೇ ಗುರಿಯಿಡಬೇಕು. ಚಲಿಸುವ ಗುರಿಗೆ ಹೊಡೆಯುವ 10 ಮೀಟರ್ ಸ್ಪರ್ಧೆಯಲ್ಲಾದರೆ ಸ್ಕೋಪ್ ಬಳಸಬಹುದು, ಅದೂ ನಾಲ್ಕು ಪಟ್ಟು ಹಿಗ್ಗಿಸುವಷ್ಟೇ.

ಬ್ಯಾಟರಿ ಸ್ಕೋಪ್ ಇದ್ದವರಿಗೆ ಇನ್ನೊಂದು ಮಾತು: ವಿಮಾನದಲ್ಲಿ ಹೋಗುವಾಗ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.